ಗುಡ್ಡ ಕುಸಿತ: ನಾನು ತಪ್ಪಾಗಿ ಮಾಡಿದ ಒಂದು ಪಾಠ



ಮೂವತ್ತೈದು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಿವೃತ್ತನಾದ ಮೇಲೆ ಮಾಡಬೇಕಾದ ಕೆಲಸಗಳಲ್ಲಿ ತಾನು ತಪ್ಪಾಗಿ ಹೇಳಿಕೊಟ್ಟದ್ದನ್ನು ತಿದ್ದುವುದೂ ಒಂದು. ನಿಮ್ಮ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದ ಕೈಯೇ ಇಂದು ತನ್ನ ಉತ್ತರವೊಂದರ ಮೇಲೆ ಗೆರೆ ಎಳೆಯುತ್ತಿದೆ. ಲೇಖನ ಸ್ವಲ್ಪ ದೀರ್ಘವಾಗಿದೆ. ಬೆಟ್ಟದ ಸೀಮೆಯಲ್ಲಿ ಮನೆ, ತೋಟ ಇರುವವರು ದಯವಿಟ್ಟು ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

1988ರ ಜುಲೈ ತಿಂಗಳು. ನಾನು ಆಗ ಮಡಿಕೇರಿಗೆ ಸಮೀಪದ ಒಂದು ಪ್ರೌಢಶಾಲೆಯಲ್ಲಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಬಿ.ಎಡ್. ಮುಗಿಸಿದ ಹುಮ್ಮಸ್ಸು ಇನ್ನೂ ಆರಿರಲಿಲ್ಲ. ಹಂಚಿನ ಮೇಲೆ ಮಳೆ ಸುರಿಯುತ್ತಿದ್ದರೆ ಹಿಂದಿನ ಬೆಂಚಿಗೆ ಕೇಳಿಸುವಂತೆ ಗಂಟಲು ಹರಿದುಕೊಳ್ಳಬೇಕಿತ್ತು. ಅಂದು ಒಂಬತ್ತನೆಯ ತರಗತಿಗೆ ಹಿಮಾಲಯದ ಪಾಠ. ಹಿಮಾಲಯವು ಎಳೆಯ ಮಡಿಕೆ ಪರ್ವತ, ಇನ್ನೂ ಬೆಳೆಯುತ್ತಿದೆ, ಅಲ್ಲಿನ ಶಿಲೆ ಸಡಿಲ, ಆದ್ದರಿಂದ ಭೂಕುಸಿತಗಳು ಸಾಮಾನ್ಯ ಎಂದು ಹಲಗೆಯ ಮೇಲೆ ಬರೆದೆ. ಕಿಟಕಿಯ ಬಳಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮ ಕಡೆಯೂ ಗುಡ್ಡ ಜಾರುತ್ತದಂತೆ. ನಮ್ಮ ಮನೆ ಮೇಲಿನ ಕೊಲ್ಲಿಯ ತಲೆಯಲ್ಲಿ ಹಿಂದೆ ಒಮ್ಮೆ ಜಾರಿತ್ತು ಎಂದು ಅಜ್ಜ ಹೇಳುತ್ತಾರೆ” ಎಂದ. ನಾನು ಪುಸ್ತಕದಲ್ಲಿ ಓದಿದ್ದನ್ನು ನಂಬಿದವನು. “ನಮ್ಮದು ಕೋಟ್ಯಂತರ ವರ್ಷ ಹಳೆಯ ಗಟ್ಟಿ ಶಿಲೆ. ರಸ್ತೆ ಬದಿಯ ಬರೆ ಜಾರುವುದನ್ನು ಗುಡ್ಡ ಕುಸಿತ ಎನ್ನುವುದಿಲ್ಲ. ಕುಳಿತುಕೋ” ಎಂದೆ. ಅವನು ಕುಳಿತ.

ಅದೇ ತರಗತಿಯ ಕೊನೆಯಲ್ಲಿ, ಆ ವರ್ಷ ಮಾರ್ಚ್ 17ರಂದು ನಮ್ಮ ದೇಶದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಕಕ್ಷೆ ಸೇರಿದ ಸುದ್ದಿಯನ್ನೂ ಹೆಮ್ಮೆಯಿಂದ ಹೇಳಿದ್ದೆ. ಆ ಉಪಗ್ರಹದ ಸಂತತಿಯೇ ನನ್ನ ಉತ್ತರವನ್ನು ಒಂದು ದಿನ ಸುಳ್ಳಾಗಿಸುವುದೆಂದು ಆಗ ತಿಳಿದಿರಲಿಲ್ಲ.

ಮೂವತ್ತು ವರ್ಷ ಕಳೆದು, 2018ರ ಆಗಸ್ಟ್ ಮೂರನೆಯ ವಾರ ಆ ಹುಡುಗನಿಂದ ದೂರವಾಣಿ ಕರೆ ಬಂತು. ಹುಡುಗನೆಂದರೆ ನಲವತ್ತು ದಾಟಿದ ಗೃಹಸ್ಥ. ನಾನು ವರ್ಗವಾಗಿ ಮೈಸೂರು ಸೀಮೆಗೆ ಬಂದು ಬಹಳ ಕಾಲವಾಗಿತ್ತು. ಮಡಿಕೇರಿಯ ಗಂಜಿ ಕೇಂದ್ರದಿಂದ ಮಾತನಾಡುತ್ತಿದ್ದ. ಮನೆ ಹೋಯಿತು, ನಾಲ್ಕು ಎಕರೆ ಕಾಫಿ ತೋಟ ಹೋಯಿತು, ಜನ ಉಳಿದೆವು ಎಂದ. ಉಳಿದದ್ದು ಹೇಗೆಂದು ಕೇಳಿದೆ. ಬೆಳಗಿನ ಜಾವ ಸುರಿಯುವ ಮಳೆಯಲ್ಲೂ ಮನೆಯ ಪಕ್ಕದ ಕೊಲ್ಲಿಯ ನೀರು ಇದ್ದಕ್ಕಿದ್ದಂತೆ ಇಳಿಯಿತಂತೆ. ಅವನ ಅವ್ವ ಅದನ್ನು ಕಂಡವರೇ, “ಮಾವ ಹೇಳಿದ್ದು ಇದೇ, ಮೇಲೆ ಮಣ್ಣು ಕಟ್ಟಿದೆ, ಏಳಿ” ಎಂದು ಎಲ್ಲರನ್ನೂ ಎದುರಿನ ದಿಣ್ಣೆಗೆ ಹೊರಡಿಸಿದರಂತೆ. ಅವನು ಮೊದಲು ಒಪ್ಪಿರಲಿಲ್ಲ. “ನಮ್ಮ ಗುಡ್ಡ ಗಟ್ಟಿ ಅಂತ ನಮ್ಮ ಸಾರ್ ಹೇಳಿದ್ದಾರೆ ಎಂದು ಅವ್ವನ ಹತ್ತಿರ ವಾದ ಮಾಡಿದೆ ಸಾರ್” ಎಂದು ನಗುವ ಪ್ರಯತ್ನ ಮಾಡಿದ. ಅವನಿಗೆ ನನ್ನನ್ನು ನೋಯಿಸುವ ಉದ್ದೇಶವಿರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ. ಓದಿದ್ದರ ಸಾರವನ್ನು, ನನಗೆ ತಿಳಿದ ಇತಿಹಾಸದ ಕ್ರಮದಲ್ಲಿ, ಇಲ್ಲಿ ಇಡುತ್ತಿದ್ದೇನೆ.

ಮೊದಲು ನನ್ನ ತಪ್ಪೇನೆಂದು ಹೇಳಿಬಿಡುತ್ತೇನೆ. ಪಶ್ಚಿಮ ಘಟ್ಟದ ಶಿಲೆ ಹಳೆಯದೂ ಗಟ್ಟಿಯೂ ಹೌದು. ಆದರೆ ನಾವು ಮನೆ ಕಟ್ಟುವುದು ಶಿಲೆಯ ಮೇಲಲ್ಲ, ಅದರ ಮೇಲೆ ಹೊದ್ದಿರುವ ಮಣ್ಣಿನ ಮೇಲೆ. ಬಿಸಿಲು ಮಳೆಗಳಿಗೆ ಸಿಕ್ಕಿ ಬಂಡೆ ಯುಗಯುಗಗಳಿಂದ ಕೊಳೆತು ಮಣ್ಣಾಗಿದೆ. ಎಷ್ಟೋ ಇಳಿಜಾರುಗಳಲ್ಲಿ ಈ ಹೊದಿಕೆ ಹಲವು ಮೀಟರ್ ದಪ್ಪ. ಕರಾವಳಿಯವರು ಶೇಡಿ ಮಣ್ಣು ಎನ್ನುವ ನುಣುಪಾದ ಪದರ ಕೆಳಗಿದ್ದರಂತೂ ನೀರು ಕುಡಿದಾಗ ಸಾಬೂನಿನಂತೆ ಜಾರುತ್ತದೆ. ದಿನಗಟ್ಟಲೆ ಮಳೆ ಇಂಗಿದಾಗ ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಹೆಚ್ಚುತ್ತದೆ, ಕಣಗಳು ಒಂದನ್ನೊಂದು ಹಿಡಿದಿಟ್ಟ ಘರ್ಷಣೆ ಕಡಿಮೆಯಾಗುತ್ತದೆ. ಬುಡವನ್ನು ರಸ್ತೆಗೋ ಮನೆಯ ಅಂಗಳಕ್ಕೋ ಕಡಿದಿದ್ದರೆ ಆಧಾರವೂ ಇರುವುದಿಲ್ಲ. ಶಿಲೆಯ ವಯಸ್ಸು ಇಲ್ಲಿ ಕಾವಲಿಗೆ ಬರುವುದಿಲ್ಲ. ಹಿಮಾಲಯದ ಪಾಠವನ್ನು ಸರಿಯಾಗಿ ಓದಿದ್ದರೆ ಇದು ಆಗಲೇ ಗೊತ್ತಾಗಬೇಕಿತ್ತು.

ಏಕೆಂದರೆ ಆ ಪಾಠ 1880ರಷ್ಟು ಹಳೆಯದು. ಆ ವರ್ಷ ಸೆಪ್ಟೆಂಬರ್ 18ರಂದು ನೈನಿತಾಲದ ಗುಡ್ಡ ಜಾರಿ 151 ಮಂದಿ ಸತ್ತರು. ನಮ್ಮ ದೇಶದಲ್ಲಿ ಭೂಕುಸಿತದ ವೈಜ್ಞಾನಿಕ ಅಧ್ಯಯನ ಆರಂಭವಾದದ್ದೇ ಅಲ್ಲಿಂದ; 1851ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಆರ್. ಡಿ. ಓಲ್ಡ್‌ಹ್ಯಾಮ್ ಆ ಕುಸಿತವನ್ನು ಅಧ್ಯಯನ ಮಾಡಿದರು. ಈ ದುರಂತದಲ್ಲಿ ನಾವು ಗಮನಿಸಬೇಕಾದದ್ದು ಸತ್ತವರ ಸಂಖ್ಯೆಯೊಂದನ್ನೇ ಅಲ್ಲ. ಅದೇ ಆಲ್ಮಾ ಗುಡ್ಡ 1866ರಲ್ಲಿ ಒಮ್ಮೆ ಜಾರಿತ್ತು, 1879ರಲ್ಲಿ ಅದೇ ಜಾಗದಲ್ಲಿ ಮತ್ತೊಮ್ಮೆ, ಹೆಚ್ಚು ದೊಡ್ಡದಾಗಿ ಜಾರಿತ್ತು. ಮೂರನೆಯ ಸಲ ಊರನ್ನೇ ನುಂಗಿತು. ಒಮ್ಮೆ ಜಾರಿದ ಗುಡ್ಡ ಮತ್ತೆ ಜಾರಬಹುದು ಎಂಬ ಈ ಒಂದು ವಾಕ್ಯವೇ ಮುಂದೆ ಬಂದ ಎಲ್ಲ ಭೂಪಟಗಳ, ಎಲ್ಲ ಉಪಗ್ರಹ ಚಿತ್ರಗಳ ತಳಪಾಯ.

ಎರಡನೆಯ ಪಾಠ 1893ರದು. ಗಢವಾಲದಲ್ಲಿ ಅಲಕನಂದೆಯ ಉಪನದಿಯಾದ ಬಿರಹಿ ಗಂಗೆಗೆ ಸೆಪ್ಟೆಂಬರ್ ತಿಂಗಳಲ್ಲಿ ಬೃಹತ್ ಗುಡ್ಡವೊಂದು ಕುಸಿದು ಅಡ್ಡಲಾಗಿ ಬಿತ್ತು. ಗೋಹ್ನಾ ಎಂಬಲ್ಲಿ ಪ್ರಕೃತಿಯೇ ಕಟ್ಟಿದ ಅಣೆಕಟ್ಟಿನ ಹಿಂದೆ ಸರೋವರ ತುಂಬತೊಡಗಿತು. ಪುಲ್‌ಫರ್ಡ್ ಎಂಬ ಇಂಜಿನಿಯರ್, ಹಾಲೆಂಡ್ ಎಂಬ ಭೂವಿಜ್ಞಾನಿ ಅಲ್ಲಿಗೆ ಹೋಗಿ ಪರಿಶೀಲಿಸಿದರು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ನೀರು ಮೇಲೇರಿ ಹರಿಯುವುದೆಂದು ಲೆಕ್ಕ ಹಾಕಲಾಯಿತು. ಲೆಕ್ಕ ಹಾಕಿ ಸುಮ್ಮನಿರಲಿಲ್ಲ. ಗೋಹ್ನಾದಿಂದ ಕೆಳಗಿನ ಹರಿದ್ವಾರದವರೆಗೆ ತಂತಿ ಎಳೆದರು. ನೆರೆ ಎಷ್ಟು ಎತ್ತರ ಬರಬಹುದೆಂದು ಕಣಿವೆಯುದ್ದಕ್ಕೂ ಕಂಬ ನೆಟ್ಟು, ಅದಕ್ಕಿಂತ ಮೇಲೆ ಹೋಗಿ ಎಂದು ಜನರಿಗೆ ತಿಳಿಸಿದರು. 1894ರ ಆಗಸ್ಟ್ 25ರ ರಾತ್ರಿ ಕಟ್ಟೆ ಒಡೆಯಿತು. ಶ್ರೀನಗರವೆಂಬ ಗಢವಾಲದ ಹಳೆಯ ಪಟ್ಟಣ ಕೊಚ್ಚಿಹೋಯಿತು. ಆದರೆ ಸತ್ತವರು ಐದೇ ಮಂದಿ, ಎಚ್ಚರಿಕೆ ಮೀರಿ ಹಿಂದಿರುಗಿದ್ದ ಒಬ್ಬ ಫಕೀರ ಮತ್ತು ಅವನ ಸಂಸಾರ.

ವಿಮಾನವಿಲ್ಲ, ಉಪಗ್ರಹವಿಲ್ಲ, ಕಂಪ್ಯೂಟರ್ ಇಲ್ಲ. ಇದ್ದದ್ದು ನೋಡಿದ ಕಣ್ಣು, ಹಾಕಿದ ಲೆಕ್ಕ, ಸುದ್ದಿ ಮುಟ್ಟಿಸಿದ ತಂತಿ. ಗೋಹ್ನಾದಲ್ಲಿ ಗುಡ್ಡ ಆಗಲೇ ಬಿದ್ದಿತ್ತು, ನೆರೆಗೆ ವರ್ಷದ ಕಾಲಾವಕಾಶವಿತ್ತು ಎಂಬುದು ನಿಜ. ಆದರೂ ಈ ಮೂರರಲ್ಲಿ ಯಾವುದೊಂದು ತಪ್ಪಿದ್ದರೂ ಸಾವಿರಾರು ಜನ ಸಾಯುತ್ತಿದ್ದರು. ಮುಂದಿನ ನೂರ ಮೂವತ್ತು ವರ್ಷಗಳಲ್ಲಿ ನೋಡುವ ಕಣ್ಣು ಮಾತ್ರ ಊಹೆಗೂ ಮೀರಿ ಬೆಳೆಯಿತು. ಉಳಿದೆರಡು ಅದೇ ವೇಗದಲ್ಲಿ ಬೆಳೆದವೇ ಎಂಬುದನ್ನು ನೀವೇ ತೀರ್ಮಾನಿಸಿ.

ಕಣ್ಣು ಬೆಳೆದ ಬಗೆ ಹೀಗೆ. ಮೊದಲು ವಿಮಾನದಿಂದ ತೆಗೆದ ಛಾಯಾಚಿತ್ರಗಳು ಬಂದವು. ಒಂದೇ ನೆಲವನ್ನು ಎರಡು ಸ್ಥಾನಗಳಿಂದ ತೆಗೆದು, ಎರಡು ಕಣ್ಣಿಗೂ ಒಂದೊಂದು ಚಿತ್ರ ಕಾಣುವಂತೆ ಸ್ಟೀರಿಯೋಸ್ಕೋಪ್ ಎಂಬ ಸಾಧನದಲ್ಲಿಟ್ಟರೆ ಬೆಟ್ಟ ಕಾಗದದಿಂದ ಎದ್ದು ನಿಲ್ಲುತ್ತದೆ. ಸೇವಾನಿರತ ಶಿಕ್ಷಕರ ತರಬೇತಿಯೊಂದರಲ್ಲಿ ನಾನು ಅದರಲ್ಲಿ ಇಣುಕಿದ್ದುಂಟು. ಕೈ ಚಾಚಿ ಶಿಖರ ಮುಟ್ಟಲು ಹೋಗಿ ಎಲ್ಲರಿಂದ ನಗಿಸಿಕೊಂಡೆ. ಇಂಥ ಚಿತ್ರಗಳನ್ನು ಓದುವ ವಿದ್ಯೆ ಕಲಿಸಲು 1966ರಲ್ಲಿ ಡೆಹ್ರಾಡೂನಿನಲ್ಲಿ ಡಚ್ಚರ ಸಹಕಾರದಿಂದ ಒಂದು ಸಂಸ್ಥೆ ಸ್ಥಾಪನೆಯಾಯಿತು. ಇಂದಿನ ಭಾರತೀಯ ದೂರಸಂವೇದಿ ಸಂಸ್ಥೆ ಅದರದೇ ಮುಂದುವರಿಕೆ.

ಎರಡನೆಯ ಹೆಜ್ಜೆ ಕಣ್ಣಿಗೆ ಕಾಣದ ಬೆಳಕನ್ನು ಹಿಡಿಯುವುದು. 1970ರ ಆಸುಪಾಸಿನಲ್ಲಿ ಪ್ರೊ. ಪಿ. ಆರ್. ಪಿಷರೋಟಿಯವರ ತಂಡ ಕೇರಳದ ರೋಗಪೀಡಿತ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಚಿತ್ರಿಸಿತು. ಭಾರತದ ದೂರಸಂವೇದಿ ವಿದ್ಯೆ ಮೊಳೆತದ್ದು ಅಲ್ಲಿ. ಅದರ ಹಿಂದಿನ ತತ್ತ್ವ ಸರಳ. ಹಸಿರು ಎಲೆ ಕೆಂಪು ಬೆಳಕನ್ನು ಬಹುಪಾಲು ಹೀರಿಕೊಂಡು ಅವಕೆಂಪು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಬರಿಯ ಮಣ್ಣು ಹಾಗೆ ಮಾಡುವುದಿಲ್ಲ. ಆದ್ದರಿಂದ ಈ ಎರಡು ಬೆಳಕುಗಳ ವ್ಯತ್ಯಾಸವನ್ನು ಅಳೆದರೆ ಎಲ್ಲಿ ಕಾಡಿದೆ, ಎಲ್ಲಿ ಕಾಡಿನ ಚರ್ಮ ಸುಲಿದಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಮಳೆಗೆ ಮುಂಚಿನ ಚಿತ್ರ, ಮಳೆಯ ಅನಂತರದ ಚಿತ್ರ ಎರಡನ್ನೂ ಹೋಲಿಸಿದರೆ ಹೊಸ ಕುಸಿತಗಳು ತಾವಾಗಿ ಎದ್ದು ಕಾಣುತ್ತವೆ. ಇಂಥ ಚಿತ್ರಗಳಲ್ಲಿ ಅವಕೆಂಪನ್ನು ಕೆಂಪು ಬಣ್ಣದಲ್ಲಿ ತೋರಿಸುವ ರೂಢಿ. ನಾನು ಶಾಲೆಗೆ ತಂದ ಒಂದು ಚಿತ್ರದಲ್ಲಿ ಘಟ್ಟವೆಲ್ಲ ಕೆಂಪಾಗಿರುವುದನ್ನು ಕಂಡು ನಮ್ಮ ಮುಖ್ಯೋಪಾಧ್ಯಾಯರು, “ಏನ್ರೀ ಇದು, ಕಾಡಿಗೆ ಬೆಂಕಿ ಬಿದ್ದಿದೆಯೇ?” ಎಂದು ಗಾಬರಿಯಾಗಿದ್ದರು.

1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್-1, 1988ರಲ್ಲಿ ನಮ್ಮ ಐಆರ್‌ಎಸ್-1ಎ. ಅಂದಿನ ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಹಾರಿದ ಆ ಉಪಗ್ರಹದ ಒಂದು ಕ್ಯಾಮೆರಾಕ್ಕೆ ನೆಲದ ಮೇಲಿನ 72.5 ಮೀಟರ್ ಚೌಕ ಒಂದೇ ಚುಕ್ಕೆ. ತೋಟದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಒಂದೂಕಾಲು ಎಕರೆ! ಇನ್ನೊಂದಕ್ಕೆ 36.25 ಮೀಟರ್, ಅಂದರೆ ಹದಿಮೂರು ಗುಂಟೆ. ಅದಕ್ಕೆ ದೊಡ್ಡ ಕಾಡು, ದೊಡ್ಡ ಕೆರೆ ಕಾಣುತ್ತಿದ್ದವು. ನಮ್ಮ ಘಟ್ಟದ ಸಾಮಾನ್ಯ ಕುಸಿತವೊಂದು ಒಂದು ಚುಕ್ಕೆಯೊಳಗೆ ಅಡಗಿಬಿಡುತ್ತಿತ್ತು. ಆದ್ದರಿಂದ ಆ ಹುಡುಗನ ಪ್ರಶ್ನೆಗೆ 1988ರಲ್ಲಿ ಉಪಗ್ರಹದಿಂದಲೂ ಉತ್ತರ ಸಿಗುತ್ತಿರಲಿಲ್ಲ. ಉತ್ತರವಿದ್ದದ್ದು ಅವನ ಅಜ್ಜನ ಬಳಿ ಮಾತ್ರ.

1998ರ ಆಗಸ್ಟ್ 18ರಂದು ಕಾಳಿ ನದಿಯ ದಂಡೆಯ ಮಾಲ್ಪಾ ಎಂಬ ಹಳ್ಳಿಯ ಮೇಲೆ ಗುಡ್ಡ ಬಿತ್ತು. ಕೈಲಾಸ ಮಾನಸ ಸರೋವರದ 60 ಯಾತ್ರಿಕರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮವನ್ನು ಕಟ್ಟಿದ ಪ್ರೊತಿಮಾ ಬೇಡಿ. ಅದರ ಅನಂತರ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಯಾತ್ರಾ ಮಾರ್ಗಗಳ ಭೂಕುಸಿತ ವಲಯಗಳ ಭೂಪಟಗಳನ್ನು ಸಿದ್ಧಪಡಿಸಿ 2001ರಲ್ಲಿ ಒಂದು ಅಟ್ಲಾಸ್ ಹೊರತಂದಿತು. ಉಪಗ್ರಹ ಚಿತ್ರದ ಜೊತೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಎಂದರೆ ಎಲ್ಲರೂ ಜಿಐಎಸ್ ಎನ್ನುವ ವಿದ್ಯೆ, ಅಲ್ಲಿ ಕೈಗೂಡಿತು.

ಜಿಐಎಸ್ ಎಂದರೆ ಹೆದರಬೇಡಿ. ನಿಮ್ಮಲ್ಲಿ ಅನೇಕರು ಅದನ್ನು ನನ್ನ ತರಗತಿಯಲ್ಲಿ ಬಟರ್ ಪೇಪರಿನಲ್ಲಿ ಮಾಡಿದ್ದೀರಿ. ಒಂದು ಹಾಳೆಯಲ್ಲಿ ನದಿಗಳು, ಇನ್ನೊಂದರಲ್ಲಿ ಮಳೆ, ಮತ್ತೊಂದರಲ್ಲಿ ಮಣ್ಣು. ಮೂರನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದು, ಭತ್ತ ಎಲ್ಲಿ ಬೆಳೆಯುತ್ತದೆ ಹೇಳಿ ಎಂದು ಕೇಳುತ್ತಿರಲಿಲ್ಲವೇ? 1960ರ ದಶಕದಲ್ಲಿ ಕೆನಡಾದ ರೋಜರ್ ಟಾಮ್ಲಿನ್‌ಸನ್ ಕಂಪ್ಯೂಟರಿಗೆ ಕಲಿಸಿದ್ದು ಇದನ್ನೇ. ಭೂಕುಸಿತದ ಕೆಲಸದಲ್ಲಿ ಹಾಳೆಗಳು ಬೇರೆ: ಇಳಿಜಾರಿನ ಕಡಿದು, ಶಿಲೆಯ ಜಾತಿ, ಬಿರುಕುಗಳು, ಮಣ್ಣಿನ ದಪ್ಪ, ತೊರೆಗಳು, ಕಾಡೋ ತೋಟವೋ ಎಂಬ ವಿವರ, ರಸ್ತೆಯಿಂದ ಇರುವ ದೂರ. ಹಿಂದೆ ಜಾರಿದ ಜಾಗಗಳ ಹಾಳೆಯನ್ನು ಎಲ್ಲದರ ಮೇಲಿಟ್ಟು, ಯಾವ ಯಾವ ಗುಣ ಕೂಡಿದಲ್ಲಿ ಹೆಚ್ಚು ಕುಸಿತಗಳಾಗಿವೆ ಎಂದು ಕಂಪ್ಯೂಟರ್ ಎಣಿಸುತ್ತದೆ. ಅವೇ ಗುಣಗಳು ಕೂಡಿದ, ಇನ್ನೂ ಜಾರದ ಜಾಗಗಳಿಗೂ ಅಪಾಯದ ಬಣ್ಣ ಹಚ್ಚುತ್ತದೆ. ಗಮನಿಸಿ, ಎಲ್ಲಕ್ಕಿಂತ ಮುಖ್ಯವಾದ ಹಾಳೆ ಹಳೆಯ ಕುಸಿತಗಳದು, ಅಂದರೆ ಇತಿಹಾಸದ್ದು. ಆ ಹಾಳೆ ಖಾಲಿಯಾಗಿದ್ದರೆ ಲೆಕ್ಕವೇ ನಡೆಯುವುದಿಲ್ಲ.

ಆ ಹಾಳೆಯನ್ನು ತುಂಬಲು ಕಣ್ಣು ಇನ್ನಷ್ಟು ತೀಕ್ಷ್ಣವಾಗಬೇಕಿತ್ತು. 2005ರ ಮೇ 5ರಂದು ಹಾರಿದ ಕಾರ್ಟೋಸ್ಯಾಟ್-1 ಉಪಗ್ರಹದಲ್ಲಿ ಎರಡು ಕ್ಯಾಮೆರಾಗಳಿದ್ದವು, ಒಂದು ಮುಂದಕ್ಕೆ ಬಾಗಿದ್ದು, ಇನ್ನೊಂದು ತುಸು ಹಿಂದಕ್ಕೆ ಬಾಗಿದ್ದು. ಸ್ಟೀರಿಯೋಸ್ಕೋಪಿನ ಎರಡು ಚಿತ್ರಗಳ ಉಪಾಯವೇ ಈಗ 618 ಕಿಲೋಮೀಟರ್ ಎತ್ತರದಿಂದ ನಡೆಯಿತು. ಚುಕ್ಕೆಯ ಗಾತ್ರ 2.5 ಮೀಟರಿಗೆ ಇಳಿಯಿತು. ಇಳಿಜಾರಿನ ಎತ್ತರ ತಗ್ಗುಗಳೂ ಅಳತೆಗೆ ಸಿಕ್ಕವು. 2019ರ ನವೆಂಬರ್ 27ರಂದು ಹಾರಿದ ಕಾರ್ಟೋಸ್ಯಾಟ್-3ಕ್ಕೆ ಮೂವತ್ತು ಸೆಂಟಿಮೀಟರಿಗಿಂತ ಚಿಕ್ಕ ವಸ್ತುವೂ ಕಾಣುತ್ತದೆ. ಒಂದೂಕಾಲು ಎಕರೆಯ ಚುಕ್ಕೆ ಮೂವತ್ತೊಂದು ವರ್ಷಗಳಲ್ಲಿ ಗೇಣಿನ ಅಳತೆಗೆ ಬಂದು ನಿಂತಿತು.

ಆದರೂ ಒಂದು ತೊಡಕು ಉಳಿಯಿತು. ನಮ್ಮ ಗುಡ್ಡಗಳು ಕುಸಿಯುವುದು ಮಳೆಗಾಲದಲ್ಲಿ, ಮೋಡ ಕವಿದಾಗ. ಆಗ ಎಂಥ ಕ್ಯಾಮೆರಾ ಇದ್ದರೇನು, ಕಾಣುವುದು ಮೋಡದ ಬೆನ್ನು. ಇದಕ್ಕೆ ಪರಿಹಾರ ರೇಡಾರ್. ಅದು ತಾನೇ ಅಲೆಗಳನ್ನು ಕಳಿಸಿ ಮರಳಿದ್ದನ್ನು ಗ್ರಹಿಸುತ್ತದೆ. ಮೋಡವಾಗಲಿ ಕತ್ತಲೆಯಾಗಲಿ ಅಡ್ಡಿಯಿಲ್ಲ. ನಮ್ಮ ರಿಸ್ಯಾಟ್-1 ಹಾರಿದ್ದು 2012ರಲ್ಲಿ, ಯುರೋಪಿನ ಸೆಂಟಿನೆಲ್-1ಎ 2014ರಲ್ಲಿ. ರೇಡಾರಿನದು ಇನ್ನೊಂದು ಚಮತ್ಕಾರವಿದೆ. ಸೆಂಟಿನೆಲ್‌ನ ಅಲೆಯ ಉದ್ದ ಸುಮಾರು ಐದೂವರೆ ಸೆಂಟಿಮೀಟರ್. ಇಂದು ಕಳಿಸಿದ ಅಲೆ ಏರಿಳಿತದ ಯಾವ ಹಂತದಲ್ಲಿ ಮರಳಿತು, ಹನ್ನೆರಡು ದಿನ ಬಿಟ್ಟು ಅದೇ ಜಾಗದಿಂದ ಯಾವ ಹಂತದಲ್ಲಿ ಮರಳಿತು ಎಂದು ಹೋಲಿಸಿದರೆ, ನೆಲ ಒಂದೆರಡು ಸೆಂಟಿಮೀಟರ್ ಸರಿದಿದ್ದರೂ ತಿಳಿಯುತ್ತದೆ. ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ 2017ರ ಜೂನ್ 24ರಂದು ಶಿನ್ಮೋ ಎಂಬ ಹಳ್ಳಿ ಗುಡ್ಡದಡಿ ಹೂತುಹೋಯಿತು. ಅನಂತರ ಸೆಂಟಿನೆಲ್‌ನ ಹಳೆಯ ದತ್ತಾಂಶ ತೆಗೆದು ನೋಡಿದರೆ, ಗುಡ್ಡದ ನೆತ್ತಿ ಮೊದಲೇ ನಿಧಾನವಾಗಿ ಸರಿಯುತ್ತಿದ್ದು ಕೊನೆಯ ವಾರಗಳಲ್ಲಿ ವೇಗ ಹೆಚ್ಚಿದ್ದು ಸ್ಪಷ್ಟವಾಗಿ ದಾಖಲಾಗಿತ್ತು. ಉಪಗ್ರಹ ನೋಡಿತ್ತು. ಆ ಹೊತ್ತಿಗೆ ಅದನ್ನು ಓದುವವರಿರಲಿಲ್ಲ.

ಇದನ್ನು ಓದಿ, ಹಾಗಾದರೆ ಎಲ್ಲ ಕುಸಿತವನ್ನೂ ಮೊದಲೇ ಹೇಳಬಹುದಲ್ಲ ಎಂದು ಹಿಗ್ಗಬೇಡಿ. ನಿಧಾನವಾಗಿ ಸರಿಯುವ ಗುಡ್ಡಕ್ಕೆ ಈ ವಿದ್ಯೆ ಸರಿ. ನಮ್ಮ ಘಟ್ಟದಲ್ಲಿ ಹೆಚ್ಚಾಗಿ ಆಗುವುದು ಬೇರೆ ಬಗೆಯದು: ಮಣ್ಣು ನೀರು ಕುಡಿದು ಕುಡಿದು ಒಂದು ಗಳಿಗೆಯಲ್ಲಿ ಕಟ್ಟು ಬಿಚ್ಚಿ ಕೆಸರಾಗಿ ಧುಮುಕುತ್ತದೆ. ಅದಕ್ಕೆ ಮುನ್ಸೂಚನೆಯ ಚಲನೆ ಇರಬೇಕೆಂದಿಲ್ಲ. ಇದ್ದರೂ ಅದು ಗಂಟೆಗಳದು, ಉಪಗ್ರಹ ಮರಳಿ ಬರುವುದು ದಿನಗಳ ಮೇಲೆ. ಜೊತೆಗೆ ದಟ್ಟ ಕಾಡಿನ ಎಲೆಗಳೇ ಚಿಕ್ಕ ಅಲೆಗಳನ್ನು ಚದುರಿಸಿಬಿಡುತ್ತವೆ. ಇಂಥ ಗುಡ್ಡಗಳಿಗೆ ಉಳಿದಿರುವ ದಾರಿ ಹಳೆಯದೇ: ಎಲ್ಲಿ ಜಾರಿತ್ತು ಎಂಬ ನೆನಪು, ಎಷ್ಟು ಮಳೆ ಬಿದ್ದಿತು ಎಂಬ ಲೆಕ್ಕ, ಹೊತ್ತಿಗೆ ಮುಟ್ಟುವ ಎಚ್ಚರಿಕೆ.

ಈಗ 2018ಕ್ಕೆ ಬರುತ್ತೇನೆ. ಆಗಸ್ಟ್ ಮಧ್ಯದ ಮಳೆಗೆ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆಯ ಸುತ್ತಮುತ್ತ ಗುಡ್ಡಗಳು ಸಾಲುಸಾಲಾಗಿ ಇಳಿದವು. ಆ ವರ್ಷದ ಮಳೆಯ ಅನಂತರ ಇಸ್ರೋದ ವಿಜ್ಞಾನಿಗಳು ಉಪಗ್ರಹ ಚಿತ್ರಗಳಿಂದ ಕೇರಳ, ಕರ್ನಾಟಕ, ತಮಿಳುನಾಡುಗಳ ಘಟ್ಟದಲ್ಲಿ ಗುರುತಿಸಿದ ಕುಸಿತಗಳು ಆರು ಸಾವಿರಕ್ಕೂ ಹೆಚ್ಚು! ನಾನು ‘ಆಗುವುದಿಲ್ಲ’ ಎಂದು ಪಾಠ ಮಾಡಿದ್ದ ಘಟನೆ ಒಂದೇ ವರ್ಷದಲ್ಲಿ ಆರು ಸಾವಿರ ಸಲ ಆಗಿತ್ತು. ಭೂವೈಜ್ಞಾನಿಕ ಸರ್ವೇಕ್ಷಣೆ 2014ರಿಂದ 2022ರವರೆಗೆ ಮಾಡಿದ ರಾಷ್ಟ್ರೀಯ ಭೂಪಟದ ಪ್ರಕಾರ ದೇಶದಲ್ಲಿ ಕುಸಿತದ ಸಂಭವವಿರುವ ನೆಲ ಸುಮಾರು 4.2 ಲಕ್ಷ ಚದರ ಕಿಲೋಮೀಟರ್, ಅದರಲ್ಲಿ ಸುಮಾರು 90 ಸಾವಿರ ಪಶ್ಚಿಮ ಘಟ್ಟ ಮತ್ತು ಕೊಂಕಣದಲ್ಲಿ. ಇಸ್ರೋ 2023ರ ಫೆಬ್ರವರಿಯಲ್ಲಿ ಹೊರತಂದ ಭಾರತದ ಭೂಕುಸಿತ ಅಟ್ಲಾಸ್ 1998ರಿಂದ 2022ರವರೆಗಿನ ಸುಮಾರು 80 ಸಾವಿರ ಕುಸಿತಗಳನ್ನು ದಾಖಲಿಸಿ, 147 ಜಿಲ್ಲೆಗಳನ್ನು ಅಪಾಯದ ಕ್ರಮದಲ್ಲಿ ಜೋಡಿಸಿದೆ. ಮೊದಲೆರಡು ಸ್ಥಾನ ಉತ್ತರಾಖಂಡದ ರುದ್ರಪ್ರಯಾಗ ಮತ್ತು ಟೆಹ್ರಿಗೆ. ನಮ್ಮ ಕೊಡಗೂ ಆ ಪಟ್ಟಿಯಲ್ಲಿದೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಹಳ್ಳಿಗಳು ಕೊಚ್ಚಿಹೋದವು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಅಲ್ಲಿ ದುಡಿಯಲು ಹೋಗಿದ್ದ ಮಂಡ್ಯ, ಚಾಮರಾಜನಗರ ಜಿಲ್ಲೆಗಳವರೂ ಅವರಲ್ಲಿದ್ದರು. ಮರುದಿನವೇ ಮೋಡದ ಮೇಲಿಂದ ರಿಸ್ಯಾಟ್ ಚಿತ್ರ ತೆಗೆಯಿತು. ಅದನ್ನು 2023ರ ಮೇ ತಿಂಗಳ ಕಾರ್ಟೋಸ್ಯಾಟ್-3 ಚಿತ್ರದ ಪಕ್ಕದಲ್ಲಿಟ್ಟು ನೋಡಿದರು. ಸುಮಾರು 1550 ಮೀಟರ್ ಎತ್ತರದಲ್ಲಿ ಸುಮಾರು 86,000 ಚದರ ಮೀಟರ್ ನೆಲ, ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಎಕರೆ, ಕಳಚಿಕೊಂಡು ಸುಮಾರು ಎಂಟು ಕಿಲೋಮೀಟರ್ ಹರಿದಿತ್ತು. ಆ ವರದಿಯಲ್ಲಿದ್ದ ಇನ್ನೊಂದು ಮಾತನ್ನು ಓದಿ ನಾನು ಪತ್ರಿಕೆ ಕೆಳಗಿಟ್ಟೆ. ಅದೇ ಜಾಗದಲ್ಲಿ ಹಿಂದೆಯೂ ಒಂದು ಕುಸಿತವಾಗಿತ್ತು, ಅದು ಹಿಂದಿನ ವರ್ಷವೇ ಬಿಡುಗಡೆಯಾದ ಅಟ್ಲಾಸಿನಲ್ಲಿ ದಾಖಲಾಗಿತ್ತು. ನೈನಿತಾಲದ ಆಲ್ಮಾ ಗುಡ್ಡದ ಕಥೆ ನೂರ ನಲವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ನಡೆದಿತ್ತು.

ಯಾರನ್ನೋ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಭೂಪಟಕ್ಕೂ ಮಿತಿಯಿದೆ. ರಾಷ್ಟ್ರೀಯ ಭೂಪಟದ ಪ್ರಮಾಣ 1:50,000. ಅಳತೆಪಟ್ಟಿಯ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಐವತ್ತು ಮೀಟರ್. ನಿಮ್ಮ ಮನೆ, ಅಂಗಳ, ಹಿಂದಿನ ಬರೆ ಮೂರೂ ಪೆನ್ಸಿಲ್ ಮೊನೆಯಡಿ ಮುಚ್ಚಿಹೋಗುತ್ತವೆ. ಭೂಪಟ ಗುಡ್ಡದ ವಿಷಯ ಹೇಳಬಲ್ಲದು, ನಿಮ್ಮ ಮನೆಯ ವಿಷಯ ಹೇಳಲಾರದು. ಅದನ್ನು ನೆಲದ ಮೇಲೆ ನಡೆದೇ ನೋಡಬೇಕು. ಮಳೆಯ ಮುನ್ಸೂಚನೆಯನ್ನೂ ಈ ಭೂಪಟಗಳನ್ನೂ ಕೂಡಿಸಿ ಎಚ್ಚರಿಕೆ ನೀಡಲು 2024ರ ಜುಲೈ 19ರಂದು ಕೋಲ್ಕತ್ತಾದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಆರಂಭವಾಯಿತು. ವಯನಾಡಿನ ದುರಂತಕ್ಕೆ ಹನ್ನೊಂದು ದಿನ ಮೊದಲು. ಗೋಹ್ನಾದ ತಂತಿಯನ್ನು ನಾವು ಈಗ ಮತ್ತೆ ಎಳೆಯತೊಡಗಿದ್ದೇವೆ ಎನ್ನಬಹುದು.

ಕಣ್ಣೂ ಬೆಳೆಯುತ್ತಲೇ ಇದೆ. ವಯನಾಡಿನ ದುರಂತಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನ, 2025ರ ಜುಲೈ 30ರಂದು, ಇಸ್ರೋ ಮತ್ತು ನಾಸಾ ಕೂಡಿ ನಿರ್ಮಿಸಿದ ನಿಸಾರ್ ಉಪಗ್ರಹ ಶ್ರೀಹರಿಕೋಟದಿಂದ ಹಾರಿತು. ಅದರ ಎರಡು ರೇಡಾರುಗಳನ್ನು ಉಪಗ್ರಹಕ್ಕೆ ಜೋಡಿಸಿದ್ದು ನಮ್ಮ ಬೆಂಗಳೂರಿನಲ್ಲಿ. ಒಂದು ರೇಡಾರಿನ ಅಲೆಯ ಉದ್ದ 24 ಸೆಂಟಿಮೀಟರ್. ಅಷ್ಟು ಉದ್ದದ ಅಲೆ ಎಲೆಗಳ ನಡುವೆ ನುಸುಳಿ ನೆಲ ಮುಟ್ಟಬಲ್ಲದು. ಕಾಡು ಹೊದ್ದ ನಮ್ಮಂಥ ಗುಡ್ಡಗಳಿಗೆ ಇದರಿಂದ ಪ್ರಯೋಜನವಾದೀತೆಂಬ ಆಸೆಯಿದೆ.

ನಿವೃತ್ತನಾದ ಮೇಲೆ ಒಮ್ಮೆ ಆ ಹುಡುಗನ ಹೊಸ ಮನೆಗೆ ಹೋಗಿದ್ದೆ. ಅವನ ಮಗಳು ಲ್ಯಾಪ್‌ಟಾಪಿನಲ್ಲಿ ಗೂಗಲ್ ಅರ್ಥ್ ತೆರೆದು ಹಳೆಯ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿ ತೋರಿಸಿದಳು. ಇತ್ತೀಚಿನ ಚಿತ್ರದಲ್ಲಿ ಗಾಯ ಬಹುಪಾಲು ಹಸಿರಾಗಿದೆ. ತಿಳಿಯದವರು ನೋಡಿದರೆ ಅಲ್ಲೇನೂ ಆಗಿಲ್ಲವೆನ್ನಬೇಕು. ಹಿಂದಕ್ಕೆ ಹೋದರೆ ಬೋಳು ಮಣ್ಣಿನ ಉದ್ದನೆಯ ಪಟ್ಟಿ. ಇನ್ನೂ ಹಿಂದಕ್ಕೆ ಹೋದರೆ ಮತ್ತೆ ಹಸಿರು, ಅವರ ಮನೆಯ ಹಂಚು. ಅವಳು ಆ ಹಳೆಯ ಚಿತ್ರವನ್ನು ಓರೆಯಾಗಿಸಿದಳು. ಕೊಲ್ಲಿಯ ತಲೆಯಲ್ಲಿ ಗುಡ್ಡದ ಮೈ ಬೋಗುಣಿಯಂತೆ ಒಳಗೆ ತಗ್ಗಿರುವುದು ಕಂಡಿತು. ಅದು ಅಜ್ಜ ಹೇಳಿದ ಹಳೆಯ ಕುಸಿತದ ಗುರುತೇ ಎಂದು ಚಿತ್ರ ನೋಡಿಯೇ ಪ್ರಮಾಣ ಮಾಡಲಾರೆ. ಆದರೆ ಮಳೆನೀರು ಬಂದು ಕೂಡುವುದು, ಕೆಸರಿನ ಹರಿವು ಹುಟ್ಟುವುದು ಇಂಥ ತಗ್ಗುಗಳಲ್ಲೇ. ಮನೆಯಿದ್ದದ್ದು ಅದರ ನೇರ ಕೆಳಗೆ. ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆವು. ಅವನ ಅವ್ವ ಕಾಫಿ ತಂದಿಟ್ಟು, ತೆರೆಯತ್ತ ನೋಡಿ, “ನಮ್ಮ ಮಾವ ಅದನ್ನು ಕೈ ತೋರಿಸಿಯೇ ಹೇಳುತ್ತಿದ್ದರು” ಎಂದರು.

ಕಾಡು ನಾಲ್ಕಾರು ವರ್ಷಗಳಲ್ಲಿ ಗಾಯ ಮುಚ್ಚುತ್ತದೆ. ಮನುಷ್ಯನ ನೆನಪು ಎರಡು ತಲೆಮಾರಿಗೆ ಅಳಿಯುತ್ತದೆ. ಉಪಗ್ರಹ ನಮಗೆ ಮಾಡಿದ ದೊಡ್ಡ ಉಪಕಾರ ಅದು ಮುಂದಿನದನ್ನು ಹೇಳುತ್ತದೆಂಬುದಲ್ಲ. ಹಿಂದೆ ಆದದ್ದನ್ನು ಮರೆಯಗೊಡುವುದಿಲ್ಲ ಎಂಬುದು. ಆದರೆ ಅದರ ನೆನಪು ಆರಂಭವಾಗುವುದು 1972ರಿಂದ, ಸ್ಪಷ್ಟವಾಗುವುದು ಈಚಿನ ಇಪ್ಪತ್ತು ವರ್ಷಗಳಿಂದ. ಅದಕ್ಕೂ ಹಿಂದಿನ ಹಾಳೆ ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಬೆಟ್ಟದ ಸೀಮೆಯಲ್ಲಿರುವವರು ಮನೆಯ ಹಿರಿಯರನ್ನು ಕೇಳಿ, ಎಲ್ಲಿ ಯಾವಾಗ ಗುಡ್ಡ ಜಾರಿತ್ತೆಂದು ಬರೆದಿಟ್ಟುಕೊಳ್ಳಿ. ಸರ್ವೇಕ್ಷಣೆಗೆ ಬಂದವರಿಗೆ ತೋರಿಸಿ. ಮಳೆಗಾಲದಲ್ಲಿ ಗುಡ್ಡದ ಮೇಲೆ ಹೊಸ ಬಿರುಕು, ವಾಲುತ್ತಿರುವ ಮರ ಅಥವಾ ಕಂಬ, ಗೋಡೆಯ ಹೊಸ ಸೀಳು, ಇಲ್ಲದಲ್ಲಿ ಉಕ್ಕುವ ಒರತೆ, ಇದ್ದಕ್ಕಿದ್ದಂತೆ ಕೆಸರಾಗುವ ಅಥವಾ ಇಳಿಯುವ ತೊರೆ ಕಂಡರೆ ಯಾರ ಅಪ್ಪಣೆಗೂ ಕಾಯದೆ ಹೊರಡಿ. ಬರೆಯ ಬುಡ ಕಡಿದು ಅಂಗಳ ಮಾಡುವ ಮುನ್ನ ತಿಳಿದವರನ್ನು ಕೇಳಿ. ತೊರೆಯ ದಾರಿಯಲ್ಲಿ ಮನೆ ಕಟ್ಟಬೇಡಿ. ನಿಮ್ಮಲ್ಲಿ ಯಾರಾದರೂ ಇಂದು ಶಿಕ್ಷಕರಾಗಿದ್ದರೆ, ಮಗುವೊಂದು ಎದ್ದು ನಿಂತು “ಅಜ್ಜ ಹೇಳುತ್ತಾರೆ” ಎಂದಾಗ, ಪುಸ್ತಕವನ್ನು ಮುಚ್ಚಿ ಕೇಳಿಸಿಕೊಳ್ಳಿ.

1988ರ ಒಂಬತ್ತನೆಯ ತರಗತಿಯ ನನ್ನ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಟಿಪ್ಪಣಿ ಪುಸ್ತಕದ ಆ ಪುಟವನ್ನು ಹೀಗೆ ತಿದ್ದಿಕೊಳ್ಳಿ: ಪಶ್ಚಿಮ ಘಟ್ಟದಲ್ಲಿಯೂ ಗುಡ್ಡಗಳು ಕುಸಿಯುತ್ತವೆ. ಆ ಹುಡುಗನಿಗೆ ಅಂದು ‘ಕುಳಿತುಕೋ’ ಎಂದಿದ್ದೆ. ಅವನು ಎದ್ದು ನಿಂತು ಹೇಳಿದ್ದೇ ಸರಿಯಾದ ಉತ್ತರವಾಗಿತ್ತು. ಪೂರ್ಣ ಅಂಕ ಅವನಿಗೆ ಸಲ್ಲಬೇಕು.

ನಿಮ್ಮ ಊರಿನಲ್ಲಿ ಇಂಥ ಹಳೆಯ ಕುಸಿತದ ನೆನಪುಗಳಿದ್ದರೆ, ವರ್ಷ ಮತ್ತು ಸ್ಥಳ ಸಹಿತ ನನಗೆ ಬರೆದು ತಿಳಿಸಿ. ಒಟ್ಟುಗೂಡಿಸಿ ಇಡುತ್ತೇನೆ.